ಈಯದ ಅಳು

"ರೈಟ್, ಪೋಯಿ!"

ಹೆದ್ದಾರಿಯಿಂದ ಬಂದ ಕಂಡಕ್ಟರನ ಕೂಗು, ಅದರ ಹಿಂದೆಯೇ ಬಸ್ಸಿನ ತಗಡಿಗೆ ಅವನು ಅಂಗೈಯಿಂದ ಬಡಿದ ಎರಡು ಪೆಟ್ಟು, ಎಲ್ಲವೂ ಶುಕೂರಾಕನಿಗೆ ಕೇಳಿಸಿದವು. ಕೈಯಲ್ಲಿ ಬಗ್ಗಿಸುತ್ತಿದ್ದ ಈಯದ ಕಂಬಿಯ ಸದ್ದು ಮಾತ್ರ ಕೇಳಿಸಲಿಲ್ಲ.

"ಕೇಳಿತಾ ಟೀಚರೇ?" ಎಂದು ಅವರು ಕಂಬಿಯನ್ನು ಇನ್ನಷ್ಟು ಬಗ್ಗಿಸಿ ನಕ್ಕರು.

ವಿಸ್ಮಿತಾ ಟೀಚರ್ ಮೊಬೈಲನ್ನು ಕಂಬಿಯ ಹತ್ತಿರ ಹಿಡಿದುಕೊಂಡು ನಿಂತಿದ್ದರು. ಹತ್ತನೇ ತರಗತಿಗೆ ಅಂದು ಲೋಹ, ಅಲೋಹಗಳ ಪಾಠ. ಕಲಾಯಿಗೆ ಕೊಟ್ಟಿದ್ದ ಹಿತ್ತಾಳೆ ಪಾತ್ರೆ ಒಯ್ಯಲು ಬಂದವರು, ಹಾಗೆಯೇ ಶುಕೂರಾಕ ಈಯ ಎಂದು ಕರೆಯುವ ತವರ ಬಾಗುವಾಗ ಅಳುವ ಸದ್ದನ್ನೂ ಹಿಡಿದುಕೊಂಡು ಹೋಗುವ ಎಂದುಕೊಂಡಿದ್ದರು. ಹೋದ ವರ್ಷ ಮಕ್ಕಳನ್ನೇ ಇಲ್ಲಿಗೆ ಕರೆತಂದಿದ್ದರು. ಪರೀಕ್ಷೆಯಲ್ಲಿ ಅರ್ಧ ತರಗತಿ 'ತವರು ಒಂದು ಲೋಹ, ಬಗ್ಗಿಸಿದರೆ ಅಳುತ್ತದೆ' ಎಂದು ಬರೆದಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ತವರು ನೆನೆದು ನಾನೂ ಹಾಗೆಯೇ ಅಳುತ್ತಿದ್ದೆ ಎಂದು ನಗುತ್ತ ಅದಕ್ಕೂ ಅಂಕ ಕೊಟ್ಟಿದ್ದರಂತೆ.

ಈಗ ಅವರು ನಗಲಿಲ್ಲ. ಕಂಬಿಯನ್ನು ತಾವೇ ಕೈಗೆ ತೆಗೆದುಕೊಂಡು ಕಿವಿಯ ಬಳಿ ಹಿಡಿದು ಬಗ್ಗಿಸಿದರು. ಅದು ಹಸಿ ಮಣ್ಣಿನ ಹಾಗೆ ತೆಪ್ಪಗೆ ಬಾಗಿತು. ಕಾಗದದ ಪೊಟ್ಟಣದಿಂದ ಮತ್ತೊಂದನ್ನು ತೆಗೆದು ಬಗ್ಗಿಸಿದರು. ಅವರ ಹುಬ್ಬು ಮೇಲೇರಿತು. ಮೊದಲಿನದ್ದನ್ನು ತೋರಿಸಿ, ಶುಕೂರಾಕನ ಮುಖಕ್ಕೆ ಮುಖವಿಟ್ಟು ಬಿಡಿಸಿ ಬಿಡಿಸಿ ಹೇಳಿದರು:

"ಅದು ಅಳ್ತದೆ, ಶುಕೂರಾಕ. ಇದು ಅಳುವುದಿಲ್ಲ."

ಶುಕೂರಾಕನ ನಗು ತುಟಿಯ ಮೇಲೆಯೇ ನಿಂತುಬಿಟ್ಟಿತು.

ಅಬ್ದುಲ್ ಶುಕೂರ್ ಎಂಬ ಪೂರ್ತಿ ಹೆಸರು ಅವರ ರೇಷನ್ ಕಾರ್ಡಿಗೆ ಮಾತ್ರ ಗೊತ್ತು. ಕಲ್ಲಡ್ಕದ ಫ್ಲೈಓವರಿನಿಂದ ವಿಟ್ಲದ ಪೇಟೆಯ ತನಕ ಅವರು ಕಲಾಯಿಯ ಶುಕೂರಾಕ. ತಂದೆಯ ಹಿಂದೆ ತಿದಿ ಹೊತ್ತು ಬೆಳ್ತಂಗಡಿಯ ಘಟ್ಟದ ಬುಡದ ತನಕ ನಡೆದವರು. ಒಂದೊಂದು ಊರಿನ ಮರದ ನೆರಳಿನಲ್ಲಿ ಕುಳಿ ತೋಡಿ, ಇದ್ದಿಲು ಉರಿಸಿ, ಮನೆ ಮನೆಯ ತಾಮ್ರ ಹಿತ್ತಾಳೆಗೆ ಬೆಳ್ಳಿಯ ಬಣ್ಣ ಕೊಟ್ಟು ಬಂದವರು. ಸ್ಟೀಲ್ ಬಂತು, ಅಲ್ಯೂಮಿನಿಯಂ ಬಂತು, ಜೊತೆಗಾರರು ಒಬ್ಬೊಬ್ಬರಾಗಿ ಗುಜರಿ ವ್ಯಾಪಾರಕ್ಕೋ ಗಲ್ಫಿಗೋ ಹೋದರು. ಇವರು ಹೋಗಲಿಲ್ಲ. ಮದುವೆಯ ಕೊಪ್ಪರಿಗೆ, ದೇವಸ್ಥಾನದ ಹಂಡೆ, ಅಜ್ಜಿಯ ನೆನಪಿಗೆಂದು ಇಟ್ಟುಕೊಂಡ ಚರಿಗೆ, ಇಷ್ಟು ಉಳಿದಿದ್ದರೆ ಸಾಕು ಎಂದು ಹೆದ್ದಾರಿಯ ಬದಿಯಲ್ಲಿ ತಗಡಿನ ಶೆಡ್ಡು ಕಟ್ಟಿ ಕುಳಿತರು.

ಕೊಪ್ಪರಿಗೆ ಬಂದರೆ ಅವರಿಗೆ ಹಬ್ಬ. ಅದರೊಳಗೆ ಹೊಳೆಯ ಮರಳು ಸುರಿದು, ಗೋಣಿ ಹಾಸಿ, ಅಂಚು ಹಿಡಿದು ನಿಂತು, ಸೊಂಟವನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುವುತ್ತಾ ಕಾಲಿನಿಂದ ತಾಮ್ರವನ್ನು ತಿಕ್ಕುವರು. "ತಾಮ್ರದ ಮೈಮೇಲೆ ಗಾಳಿ ಬಂದು ಕೂತಿರ್ತದೆ. ಅದನ್ನು ಎಬ್ಬಿಸದೆ ಈಯ ಹತ್ತಿರ ಬರುವುದಿಲ್ಲ" ಎನ್ನುವರು. ತಿಕ್ಕಿದರೂ ಹೋಗದ ಗಾಳಿಗೆ ನವಸಾಗರದ ಪುಡಿ. ಕಾದ ತಾಮ್ರಕ್ಕೆ ಅದನ್ನು ಎರಚಿದರೆ ಬಿಳಿ ಹೊಗೆ ಎದ್ದು, ಕಪ್ಪೆಲ್ಲ ಓಡಿ, ತಾಮ್ರ ಆಗಷ್ಟೇ ಹುಟ್ಟಿದ ಕೂಸಿನ ಹಾಗೆ ಕೆಂಪಗೆ ಕಾಣುತ್ತದೆ. ಆ ಗಳಿಗೆಯಲ್ಲಿ ಈಯ ತಾಗಿಸಿ ಹತ್ತಿಯಿಂದ ಉಜ್ಜಬೇಕು.

ವಿಸ್ಮಿತಾ ಇದನ್ನೇ ತರಗತಿಯಲ್ಲಿ ಬೇರೆ ರೀತಿ ಹೇಳುತ್ತಿದ್ದರು. ಲೋಹದ್ದು ಕೊಡುವ ಸ್ವಭಾವ, ಅಲೋಹದ್ದು ಹಿಡಿದಿಟ್ಟುಕೊಳ್ಳುವ ಸ್ವಭಾವ. ತಾಮ್ರ ಕೊಟ್ಟ ಎಲೆಕ್ಟ್ರಾನನ್ನು ಗಾಳಿಯ ಆಕ್ಸಿಜನ್ ಹಿಡಿದುಕೊಂಡು ಕಪ್ಪಗೆ ಮೆತ್ತಿಕೊಳ್ಳುತ್ತದೆ. ಅದನ್ನು ನವಸಾಗರ ಬಿಡಿಸುತ್ತದೆ. ಲೋಹ ಲೋಹ ಸೇರಿದರೆ ಮಾತ್ರ ನಿನ್ನದು ನನ್ನದು ಇಲ್ಲ, ಎಲೆಕ್ಟ್ರಾನುಗಳೆಲ್ಲ ಎಲ್ಲರಿಗೂ. ನಾಲ್ಕು ಮನೆಗೆ ಒಂದೇ ಬಾವಿ ಇದ್ದ ಹಾಗೆ. ಅದಕ್ಕೇ ಲೋಹ ಬಾಗುತ್ತದೆ, ಉಪ್ಪಿನ ಹರಳು ಒಡೆಯುತ್ತದೆ. ಶುಕೂರಾಕನಿಗೆ ಎಲೆಕ್ಟ್ರಾನಿನ ಮೇಲೆ ಅಷ್ಟು ನಂಬಿಕೆ ಇರಲಿಲ್ಲವಾದರೂ ಬಾವಿಯ ಮಾತು ಬಹಳ ಹಿಡಿಸಿತ್ತು. ಗಿರಾಕಿಗಳಿಗೆಲ್ಲ ಅದನ್ನು ತಮ್ಮದೇ ಮಾತೆಂಬಂತೆ ಹೇಳುತ್ತಿದ್ದರು.

ಕೆಲಸಕ್ಕೆ ಮೊದಲು ಪ್ರತಿ ಕಂಬಿಯನ್ನೂ ಕಿವಿಯ ಹತ್ತಿರ ಬಗ್ಗಿಸಿ ನೋಡುವುದು ತಂದೆ ಕಲಿಸಿದ ಪದ್ಧತಿ. ಶುದ್ಧ ತವರ ಬಾಗುವಾಗ ಅದರೊಳಗಿನ ಹರಳುಗಳು ಜರುಗಿ ಒಂದು ಸದ್ದು ಬರುತ್ತದೆ, ಒಣಗಿದ ಹಲಸಿನ ಎಲೆಯ ಮೇಲೆ ಯಾರೋ ಮೆಲ್ಲನೆ ಕಾಲಿಟ್ಟ ಹಾಗೆ. ಸೀಸ ಬೆರೆತಿದ್ದರೆ ಸದ್ದಿಲ್ಲ. "ಅಳುವ ಈಯ ಅನ್ನಕ್ಕೆ, ಅಳದ ಈಯ ಬೆಸುಗೆಗೆ. ಮರೆತರೆ ನೀನು ಅಳ್ತೀ" ಎಂದಿದ್ದರು ತಂದೆ.

ಆದರೆ ಹುಡುಗನಾಗಿದ್ದಾಗ ನೇತ್ರಾವತಿಯಲ್ಲಿ ಮುಳುಗಿ ಮುಳುಗಿ ಈಜಿ, ಸೋರತೊಡಗಿದ ಕಿವಿಗಳು ವಯಸ್ಸಾದಂತೆ ಒಂದೊಂದೇ ಸದ್ದನ್ನು ಬಿಟ್ಟುಕೊಟ್ಟಿದ್ದವು. ಮೊದಲು ಕೈಗಡಿಯಾರ ಹೋಯಿತು, ಆಮೇಲೆ ಮಳೆಹುಳದ ಚೀರು, ಆಮೇಲೆ ಹೆಂಡತಿ ಜುಲೈಕಾಳ ಪಿಸುಮಾತು. ಈಯದ ಅಳು ಯಾವಾಗ ಹೋಯಿತೋ ಅವರಿಗೇ ನೆನಪಿಲ್ಲ. ಬಿ.ಸಿ.ರೋಡಿನ ಒಂದೇ ಅಂಗಡಿಯ ಮಾಲು, ಮುದುಕ ಸಾಹುಕಾರರ ಕೈಯ ಮಾಲು, ಅದನ್ನು ಎಂತ ಪರೀಕ್ಷೆ ಮಾಡುವುದು ಎಂದು ಅವರು ಬಗ್ಗಿಸಿದಂತೆ ಮಾಡಿ ಕೆಲಸಕ್ಕೆ ಇಳಿಯುತ್ತಿದ್ದರು. ಜನ ಏನಾದರೂ ಹೇಳಿದರೆ ತಲೆಯಾಡಿಸುತ್ತಿದ್ದರು. ನಗುತ್ತ ತಲೆಯಾಡಿಸುವವನನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ.

ಸಾಹುಕಾರರು ಈಚೆಗೆ ಮನೆ ಹಿಡಿದಿದ್ದರು. ಕಳೆದ ಸಲ ಅಂಗಡಿಯ ಗಲ್ಲಾದಲ್ಲಿ ಅವರ ಮೊಮ್ಮಗ ನೌಫಲ್ ಕೂತಿದ್ದ. ಶುಕೂರಾಕ "ಈಯ ಬೇಕಿತ್ತು" ಎಂದರು. ಅವರ ಮನೆಮಾತಿನಲ್ಲಿ ತವರವೂ ಈಯ, ಸೀಸವೂ ಈಯ, ಎರಡನ್ನೂ ಕರಗಿಸಿ ಮಾಡಿದ ರೇಡಿಯೇಟರಿನ ಬೆಸುಗೆ ಕಂಬಿಯೂ ಈಯವೇ. ಮುದುಕರಿಗೆ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ನೌಫಲ್ ಏನೋ ಕೇಳಿದ. ಹೊರಗೆ ಬಸ್ಸುಗಳ ಹಾರ್ನು. ಶುಕೂರಾಕ ತಲೆಯಾಡಿಸಿದರು.

ಆ ತಲೆಯಾಟ ಈಗ ಅವರ ಕಣ್ಣ ಮುಂದೆ ಬಂದು ನಿಂತಿತು.

"ಪಾತ್ರೆ ನಾಳೆ ಒಯ್ಯಿರಿ ಟೀಚರೇ. ಅದನ್ನು ಪುನಃ ನೋಡಬೇಕು." ಅವರ ದನಿ ಒಣಗಿತ್ತು. "ಮೊಯ್ದೀನನ... ಕೊಪ್ಪರಿಗೆ..."

ಪಾತ್ರೆ ಒರೆಸುತ್ತಿದ್ದ ಜುಲೈಕಾ ಎದ್ದು ಬಂದಳು. "ಎಂತಾಯ್ತು?"

ಅಡುಗೆಯ ಮೊಯ್ದೀನ್ ಮದುವೆಗಳಿಗೆ ಬಿರಿಯಾನಿ ಮಾಡುವವನು. ಅವನ ಎರಡು ದೊಡ್ಡ ತಾಮ್ರದ ಕೊಪ್ಪರಿಗೆಗಳಿಗೆ ಇದೇ ಪೊಟ್ಟಣದ ಈಯದಿಂದ ಕಲಾಯಿ ಹಾಕಿ, ಉಳಿದ ತುಂಡುಗಳನ್ನೂ ಕರಗಿಸಿ ಮುಗಿಸಿ, ನಿನ್ನೆಯಷ್ಟೇ ಪಿಕಪ್ಪಿನಲ್ಲಿ ಮೂಡಬಿದ್ರಿಗೆ ಕಳಿಸಿಯಾಗಿತ್ತು. ನಾಳೆ ಮಧ್ಯಾಹ್ನ ಅಲ್ಲಿಯ ಹಾಲ್‌ನಲ್ಲಿ ನಿಕಾಹ್. ಮಾಂಸಕ್ಕೆ ಮೊಸರು ಲಿಂಬೆ ಬೆರೆಸಿ ಕೊಪ್ಪರಿಗೆಯಲ್ಲೇ ಇಡುವುದು ಇವತ್ತು ಸಂಜೆ.

ಅಂಗಡಿಯ ನಂಬರು ಕೇಳಿ ವಿಸ್ಮಿತಾ ನೌಫಲನಿಗೆ ಫೋನು ಹಚ್ಚಿದರು. ಮಾತು ಮುಗಿಸಿ ಶುಕೂರಾಕನ ಎದುರಿಗೆ ಬಂದು ನಿಂತರು.

"'ಕಲಾಯಿಯದ್ದಾ, ಬೆಸುಗೆಯದ್ದಾ, ಎರಡೂ ಕೊಡುವುದಾ' ಅಂತ ಅವ ಕೇಳಿದ್ದಂತೆ. ನೀವು ಹೌದು ಅಂದ್ರಂತೆ. ಎರಡೂ ಸೇರಿಸಿ ಕೊಟ್ಟನಂತೆ. ಯಾವುದು ಎಷ್ಟು ಅಂತ ಅವನಿಗೂ ನೆನಪಿಲ್ಲ."

"ನಾನು ಹೌದು ಹೇಳಿದ್ದಾ?"

"ಇವರು ಎಲ್ಲದಕ್ಕೂ ಹೌದೇ ಹೇಳುವುದು ಟೀಚರೇ" ಎಂದಳು ಜುಲೈಕಾ. "ಕಿವಿ ಕೇಳುವುದಿಲ್ಲ. ಊರಿಗೆಲ್ಲ ಗೊತ್ತುಂಟು. ಇವರಿಗೆ ಮಾತ್ರ ಗೊತ್ತಿಲ್ಲ." ಹೇಳಿದ ಮೇಲೆ ಅವಳಿಗೇ ಪಾಪ ಅನಿಸಿರಬೇಕು, ಗಂಡನ ಹೆಗಲಿನ ಮಸಿಯನ್ನು ಸೆರಗಿನಿಂದ ಒರೆಸಿದಳು.

ಅಳದ ಕಂಬಿ ಚೆನ್ನಾಗಿಯೇ ಕರಗುತ್ತದೆ, ಚೆನ್ನಾಗಿಯೇ ಹಿಡಿಯುತ್ತದೆ, ಬೆಳ್ಳಿಯ ಹಾಗೆಯೇ ಹೊಳೆಯುತ್ತದೆ. ಪಾತ್ರೆ ನೋಡಿ ಹೇಳಲು ಬರುವುದಿಲ್ಲ. ಕೊಡುವ ಸ್ವಭಾವದ ಸೀಸ ಹುಳಿಗೆ ತನ್ನನ್ನೇ ಕೊಟ್ಟುಕೊಳ್ಳುತ್ತದೆ. ಅನ್ನದಲ್ಲಿ ರುಚಿಯಿಲ್ಲ, ವಾಸನೆಯಿಲ್ಲ, ಉಂಡ ಮಕ್ಕಳ ಎಲುಬಿನಲ್ಲಿ ಹೋಗಿ ಕೂರುತ್ತದೆ. ನಾಳೆ ಆ ಪಂಕ್ತಿಯಲ್ಲಿ ಎಷ್ಟು ಮಕ್ಕಳು ಕೂರುವರೋ. ಶುಕೂರಾಕನಿಗೆ ತಾವು ಕಟ್ಟಿಕೊಂಡು ಬಂದ ಹೆಸರಿಗಿಂತ ಹೆಚ್ಚಾಗಿ ಆ ಪುಟ್ಟ ಕೈಗಳು ಕಂಡವು.

"ಮೊಯ್ದೀನನಿಗೆ ಫೋನ್ ಮಾಡು" ಎಂದರು ಹೆಂಡತಿಗೆ. "ನಾವು ಬರುವ ತನಕ ಕೊಪ್ಪರಿಗೆಗೆ ನೀರು ಕೂಡ ಹಾಕ್ಬೇಡ ಅಂತ ಹೇಳು."

ಜುಲೈಕಾ ಹೇಳಿದಳು. ಫೋನಿನಿಂದ ಹೊರಟ ಕಿರಿಚಾಟಕ್ಕೆ ಅವಳು ಅದನ್ನು ಕಿವಿಯಿಂದ ದೂರ ಹಿಡಿದಳು. ಅದು ಮಾತ್ರ ಶುಕೂರಾಕನಿಗೂ ಸ್ವಲ್ಪ ಕೇಳಿಸಿತು.

"ಕಲಾಯಿ ಕಿತ್ತು ಪುನಃ ಹಾಕುವುದಕ್ಕೆ ಟೈಮ್ ಇಲ್ಲ" ಎಂದರು ಶುಕೂರಾಕ. "ಸೀಸ ಇದ್ದರೆ ಅಲ್ಯೂಮಿನಿಯಂ ತರಿಸಬೇಕು. ಆದರೆ ಇದೆಯಾ ಇಲ್ಲವಾ, ಅದನ್ನು ಹೇಗೆ ತಿಳಿಯುವುದು? ಪಾತ್ರೆಯನ್ನು ಬಗ್ಗಿಸಿ ನೋಡ್ಲಿಕ್ಕಾಗ್ತದಾ?"

ವಿಸ್ಮಿತಾ ಪೊಟ್ಟಣದಲ್ಲಿ ಉಳಿದ ಕಂಬಿಗಳನ್ನು ಒಂದೊಂದಾಗಿ ಬಗ್ಗಿಸಿ ಕೇಳುತ್ತಿದ್ದರು. ಉಳಿದವೆಲ್ಲ ಅತ್ತವು. ಅತ್ತವಕ್ಕೆ ತಮ್ಮ ಜಡೆಯ ರಬ್ಬರ್ ಬ್ಯಾಂಡ್ ಸುತ್ತಿದರು. ಅಳದ ಒಂದನ್ನು ಬೇರೆ ಪ್ಲಾಸ್ಟಿಕ್ಕಿಗೆ ಹಾಕಿದರು. ಹಾಗೆ ಹಾಕುವಾಗ ಅವರ ಕೈ ತಟ್ಟನೆ ನಿಂತಿತು.

"ಶುಕೂರಾಕ, ಹಳದಿ!"

"ಎಂತ ಹಲಸು?"

"ಹಲಸಲ್ಲ, ಹ-ಳ-ದಿ. ಪ್ರತಿ ವರ್ಷ ಮಾಡಿ ತೋರಿಸ್ತೇನೆ, ನನಗೇ ಹೊಳೆಯಲಿಲ್ಲ ನೋಡಿ. ಸೀಸಕ್ಕೆ ಅಯೊಡೈಡ್ ಸಿಕ್ಕಿದರೆ ಬಿಡುವುದೇ ಇಲ್ಲ, ಅರಸಿನದ ಹಾಗೆ ಹಳದಿ ಆಗಿ ಕೂರ್ತದೆ. ತವರಕ್ಕೆ ಹಾಗಾಗುವುದಿಲ್ಲ. ಲ್ಯಾಬಿನಲ್ಲಿ ಬಾಟ್ಲಿ ಉಂಟು. ಇವತ್ತು ಶನಿವಾರ, ಮಧ್ಯಾಹ್ನಕ್ಕೆ ಶಾಲೆ ಬಿಡ್ತದೆ. ಬಿ.ಸಿ.ರೋಡಿಗೆ ಬನ್ನಿ, ಒಟ್ಟಿಗೆ ಹೋಗುವ."

ಸಿದ್ಧಕಟ್ಟೆಯ ದಾರಿಯಲ್ಲಿ ಮೂಡಬಿದ್ರಿಯ ಬಸ್ಸು ಓಲಾಡುತ್ತಾ ಓಡಿತು. ವಿಸ್ಮಿತಾ ಮುಂದಿನ ಹೆಂಗಸರ ಸೀಟಿನಲ್ಲಿ, ಶುಕೂರಾಕ ಹಿಂದೆ ಕಿಟಕಿಯ ಬಳಿ, ಮೊಣಕಾಲ ಮೇಲೆ ಕೆಲಸದ ಚೀಲ ಇಟ್ಟುಕೊಂಡು ಕುಳಿತಿದ್ದರು. ಕಂಡಕ್ಟರ್ ಬಂದು ಏನೋ ಕೇಳಿದ. ಅವರ ತಲೆ ತಾನಾಗಿ ಆಡಲು ಹೊರಟಿತು. ಅದನ್ನು ಅಲ್ಲಿಗೇ ತಡೆದರು.

"ನನಗೆ ಕೇಳುವುದಿಲ್ಲ, ಮಾರಾಯ. ಜೋರಾಗಿ ಹೇಳು."

ಹುಟ್ಟಿದ ಮೇಲೆ ಮೊದಲ ಸಲ ಅದನ್ನು ಪರರ ಎದುರು ಹೇಳಿದ್ದು. ಕಂಡಕ್ಟರ್ ಏನೂ ಅಂದುಕೊಳ್ಳಲಿಲ್ಲ. ಬಗ್ಗಿ "ಎಲ್ಲಿಗೆ?" ಎಂದು ಕಿವಿಯ ಬಳಿ ಕೂಗಿದ, ಅಷ್ಟೇ. ಇಷ್ಟು ಸುಲಭದ್ದನ್ನು ಇಷ್ಟು ಕಾಲ ಹೊತ್ತುಕೊಂಡು ತಿರುಗಿದೆನಲ್ಲ ಎಂದು ಶುಕೂರಾಕ ಕಿಟಕಿಯಾಚೆ ನೋಡಿದರು.

ಹಾಲ್‌ನ ಹಿಂಭಾಗದ ಅಂಗಳದಲ್ಲಿ ಎರಡು ಕೊಪ್ಪರಿಗೆಗಳು ಬಿಸಿಲಿಗೆ ಬಾಯಿ ತೆರೆದು ಮಲಗಿದ್ದವು. ಪಕ್ಕದಲ್ಲಿ ಮೊಯ್ದೀನ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಲುಂಗಿಯನ್ನು ಮೇಲೆ ಕಟ್ಟಿದ ರೀತಿಯಲ್ಲೇ ಅವನ ಕೋಪ ಗೊತ್ತಾಗುತ್ತಿತ್ತು.

"ಶುಕೂರಾಕ, ನೀವು ಕಲಾಯಿ ಹಾಕಿದ್ದಾ, ನನ್ನ ಬಾಳಿಗೆ ಸುಣ್ಣ ಹಾಕಿದ್ದಾ? ತಾಮ್ರದಲ್ಲೇ ಆಗ್ಬೇಕು ಅಂತ ಮದುಮಗಳ ಅಜ್ಜಿ ಹಟ ಹಿಡಿದಿದ್ದಾರೆ. ಆ ಬೀಬಿಗೆ ನಾನೆಂತ ಹೇಳಲಿ?"

"ನಿಜ ಹೇಳುವ" ಎಂದರು ಶುಕೂರಾಕ. "ಸೀಸ ಇದ್ದರೆ ನಾನೇ ಹೋಗಿ ಅವರ ಎದುರು ಹೇಳ್ತೇನೆ."

ಮೊಯ್ದೀನ್ ಪಕ್ಕಕ್ಕೆ ಸರಿದು ಕೊಪ್ಪರಿಗೆಗೆ ದಾರಿ ಬಿಟ್ಟ.

ವಿಸ್ಮಿತಾ ಮೊದಲು ಅಳದ ಕಂಬಿಯನ್ನು ಒಂದು ಪಿಂಗಾಣಿ ತಟ್ಟೆಯಲ್ಲಿಟ್ಟು, ವಿನೆಗರಿನಲ್ಲಿ ಅದ್ದಿದ ಹತ್ತಿಯನ್ನು ಅದರ ಮೈಗೆ ಅಂಟಿಸಿದರು. ಕೊಪ್ಪರಿಗೆಗಳ ಒಳಗೂ ಅಲ್ಲಲ್ಲಿ ಹಾಗೆಯೇ ಅಂಟಿಸಿದರು. ಹುಳಿ ಲೋಹವನ್ನು ತಿನ್ನಲು ಹೊತ್ತು ಬೇಕು ಎಂದರು. ಮೊಯ್ದೀನ್ ಚಹಾ ತರಿಸಿದ. ಅದು ಲೋಟಗಳಲ್ಲೇ ಆರಿತು.

ಕಡೆಗೆ ಅವರು ಸಣ್ಣ ಬಾಟ್ಲಿಯಿಂದ ನೀರಿನಂಥದ್ದೇ ಒಂದು ಹನಿಯನ್ನು ಕಂಬಿಯ ಮೇಲಿನ ಹತ್ತಿಗೆ ಬಿಟ್ಟರು.

ಹತ್ತಿ ಹಳದಿಯಾಯಿತು. ಮದುಮಗಳ ಕೈಗೆ ಹಚ್ಚುವ ಅರಸಿನದಷ್ಟು ಚೆಂದದ ಹಳದಿ.

"ಯಾ ಅಲ್ಲಾ" ಎಂದ ಮೊಯ್ದೀನ್. ಶುಕೂರಾಕನಿಗೆ ಆ ತುಟಿಗಳು ಅಲುಗಿದ್ದು ಕಾಣಿಸಿತು.

"ಇದೇ ಬಣ್ಣ ಪಾತ್ರೆಯಲ್ಲಿ ಬರಬಾರದು" ಎಂದು ವಿಸ್ಮಿತಾ ಮೊದಲ ಕೊಪ್ಪರಿಗೆಗೆ ಬಗ್ಗಿದರು. ತಳದಲ್ಲಿ ಒಂದು ಹನಿ. ಬದಿಯಲ್ಲಿ ಒಂದು. ಅಂಚಿನ ಕೆಳಗೆ ಒಂದು. ಮೂವರ ತಲೆಗಳೂ ಒಳಗೆ ತೂರಿದ್ದವು. ಹತ್ತಿ ಬಿಳಿಯಾಗಿಯೇ ಇತ್ತು. ಮತ್ತೆ ನೋಡಿದರು, ಆಗಲೂ ಬಿಳಿ.

ಎರಡನೆಯದು. ತಳ ಬಿಳಿ. ಒಂದು ಬದಿ ಬಿಳಿ. ಇನ್ನೊಂದು ಬದಿ...

"ಬಂತು! ಬಣ್ಣ ಬಂತು!" ಮೊಯ್ದೀನ್ ಹಿಂದಕ್ಕೆ ಹಾರಿದ.

ಹಿಡಿಯ ಕೆಳಗಿನ ತಿರುವಿನಲ್ಲಿ ಹತ್ತಿ ಬಣ್ಣಗೆಟ್ಟಿತ್ತು. ಶುಕೂರಾಕ ಅಂಚನ್ನು ಹಿಡಿದುಕೊಂಡರು. ವಿಸ್ಮಿತಾ ಹತ್ತಿಯನ್ನು ಎತ್ತಿ ತಟ್ಟೆಯಲ್ಲಿದ್ದ ಹಳದಿಯ ಪಕ್ಕಕ್ಕೆ ಇಟ್ಟರು. ಬಿಸಿಲಿಗೆ ತಿರುಗಿಸಿದರು.

"ಇದು ಹಳದಿ ಅಲ್ಲ. ಕಂದು" ಎಂದರು ನಿಧಾನಕ್ಕೆ. "ಸೀಸ ಅಲ್ಲ ಇದು. ತಾಮ್ರ ಹಾಗೆ ಮಾಡ್ತದೆ. ಅಲ್ಲಿ ತಾಮ್ರ ಬರಿಮೈಯಲ್ಲುಂಟಾ ನೋಡಿ, ಶುಕೂರಾಕ."

ಶುಕೂರಾಕ ತಲೆಯನ್ನು ಪೂರ್ತಿ ಒಳಗೆ ಹಾಕಿದರು. ಬೆರಳಿನಿಂದ ತಡವಿದರು. ಹಿಡಿಯ ಮೊಳೆಯ ಕೆಳಗೆ ಕಿರುಬೆರಳಿನ ಉಗುರಿನಷ್ಟು ಜಾಗ, ಈಯ ತಾಗದೆ ಕೆಂಪಗೆ ಉಳಿದಿತ್ತು. ಅವರ ಕೈಯ ತಪ್ಪು. ನಲ್ವತ್ತು ವರ್ಷದ ಕಲಾಯಿಗಾರ ಮರೆಯಲ್ಲಿ ಬಿಟ್ಟ ಒಂದು ಸಣ್ಣ ಚುಕ್ಕೆ. ಬೇರೆ ದಿನವಾಗಿದ್ದರೆ ನಾಚಿಕೆಯಿಂದ ಊಟ ಬಿಡುತ್ತಿದ್ದರು. ಈಗ ಕೊಪ್ಪರಿಗೆಯೊಳಗಿನಿಂದಲೇ ನಗತೊಡಗಿದರು. ತಾಮ್ರದ ಗೋಡೆಗಳಿಗೆ ಬಡಿದು ಆ ನಗು ದೊಡ್ಡದಾಗಿ, ಅವರ ಕಿವಿಗೂ ತಿರುಗಿ ಬಂತು.

"ಬಿಟ್ಟು ಹೋಗಿದೆ, ಟೀಚರೇ! ನಾನು ಹಾಕದೆ ಬಿಟ್ಟದ್ದು!"

"ಹಾಕದೆ ಬಿಟ್ಟದ್ದಕ್ಕೆ ಇಷ್ಟು ಖುಷಿಯಾ?" ಮೊಯ್ದೀನ್ ಹಣೆಯ ಬೆವರು ಒರೆಸಿಕೊಂಡ. ಲುಂಗಿ ಬಿಚ್ಚಿ ಕೆಳಗಿಳಿಸಿದ. ಬಾವಿಯ ಕಟ್ಟೆಯ ಮೇಲೆ ಕುಸಿದು ಕುಳಿತು ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. "ನನ್ನ ಜೀವ ಹೋಗಿ ಬಂತು. ಎರಡು ವರ್ಷ ಆಯುಷ್ಯ ಕಡಿಮೆ ಮಾಡಿದ್ರಿ ನೀವು."

"ಅಳದ ಕಂಬಿ ಒಂದೇ ಇದ್ದದ್ದು ಅಂತಾಯ್ತು" ಎಂದರು ವಿಸ್ಮಿತಾ. ಅವರೂ ನೆಲದಲ್ಲಿ ಕುಳಿತುಬಿಟ್ಟಿದ್ದರು, ಸೀರೆಯ ಅಂಚಿಗೆ ಮಸಿ ತಾಗಿದ್ದನ್ನು ಗಮನಿಸದೆ. "ಕಲಾಯಿಗೆಂದು ನೀವು ಪೊಟ್ಟಣಕ್ಕೆ ಕೈ ಹಾಕಿದಾಗ ಅದು ತಳದಲ್ಲಿತ್ತು. ಅದೃಷ್ಟ. ನನ್ನ ಹಿತ್ತಾಳೆ ಪಾತ್ರೆಗೂ ನಾಳೆ ಒಂದು ಹನಿ ಬಿಟ್ಟು ನೋಡುವ."

ಶುಕೂರಾಕ ಚೀಲ ಬಿಚ್ಚಿದರು. ಆ ಚುಕ್ಕೆಯನ್ನು ಮುಚ್ಚದೆ ಹೋಗುವ ಹಾಗಿಲ್ಲ. ಆಚೆ ಒಲೆಗೆ ಇದ್ದಿಲು ಹಾಕಿಯಾಗಿತ್ತು. ಒಂದು ಕೈಯಲ್ಲಿ ನವಸಾಗರದ ಡಬ್ಬಿ, ಇನ್ನೊಂದರಲ್ಲಿ ಇಕ್ಕಳ ಮತ್ತು ಹತ್ತಿ. ರಬ್ಬರ್ ಬ್ಯಾಂಡ್ ಸುತ್ತಿದ ಕಟ್ಟಿನಿಂದ ಎಳೆದ ಈಯದ ಕಂಬಿಗೆ ಕೈ ಉಳಿಯದೆ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡರು.

"ಸೋಮವಾರ ಕಿವಿ ಡಾಕ್ಟರ ಹತ್ತಿರ ಹೋಗುವ" ಎಂದರು ವಿಸ್ಮಿತಾ ಎದುರಿಗೆ ಬಂದು, ದೊಡ್ಡ ದನಿಯಲ್ಲಿ. "ಜುಲೈಕಾಕ್ಕನಿಗೂ ಹೇಳಿದ್ದೇನೆ. ಮಿಷನ್ ಹಾಕಿಸಿಕೊಂಡರೆ..."

"ನಾಳೆ ಬಿರಿಯಾನಿ ಹೇಗುಂಟು ಅಂತ ಕೇಳಿದರೂ ಸುಮ್ಮನೆ ತಲೆ ಆಡಿಸ್ತಾರೆ ಇವರು" ಎಂದ ಮೊಯ್ದೀನ್. "ಮೊದಲು ಹಾಕಿಸಿ ಟೀಚರೇ, ಎರಡೂ ಕಿವಿಗೆ!"

ಇಕ್ಕಳವನ್ನು ಕಂಕುಳಿಗೆ ಸಿಕ್ಕಿಸಲು ಹೋದ ಶುಕೂರಾಕನ ಮೊಣಕೈ ಕಂಬಿಯ ತುದಿಗೆ ತಗುಲಿತು. ಹಲ್ಲುಗಳ ನಡುವೆ ಕಂಬಿ ಬಾಗಿತು.

ಅವರು ನಿಂತಲ್ಲೇ ನಿಂತರು.

ಒಣ ಎಲೆಯ ಮೇಲೆ ಕಾಲಿಟ್ಟ ಸದ್ದು. ಅದು ಹೊರಗಿನಿಂದ ಬರಲಿಲ್ಲ. ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಬುರುಡೆಗೆ ಹತ್ತಿ, ಕಿವಿಯ ಮುಚ್ಚಿದ ಬಾಗಿಲನ್ನು ಒಳಗಿನಿಂದ ತಟ್ಟಿತು. ಇಕ್ಕಳವನ್ನು ಕೆಳಗಿಟ್ಟು, ಕಂಬಿಯ ತುದಿ ಹಿಡಿದು, ಬೇಕೆಂದೇ ಇನ್ನೊಮ್ಮೆ ಬಗ್ಗಿಸಿದರು. ಈಯ ಅತ್ತಿತು. ತಂದೆಯ ಪಕ್ಕ ಮೊಣಕಾಲೂರಿ ಕುಳಿತು ಕೇಳಿದ ದಿನ ಹೇಗೆ ಅತ್ತಿತ್ತೋ ಹಾಗೆಯೇ.

ಶುಕೂರಾಕನ ಕಣ್ಣನ್ನು ನೋಡಿ ವಿಸ್ಮಿತಾ ಇನ್ನೂ ಹತ್ತಿರ ಬಂದರು.

"ಕೇಳಿತಾ?"

ಶುಕೂರಾಕ ತಲೆಯಾಡಿಸಿದರು. ಈ ಸಲ ಅದು ಸುಳ್ಳಾಗಿರಲಿಲ್ಲ.

"ಓ, ಎಲುಬಿನಲ್ಲಿ ಹೋಗ್ತದೆ ಅದು!" ವಿಸ್ಮಿತಾಗೆ ತರಗತಿಯ ಉತ್ಸಾಹವೇ ಬಂದುಬಿಟ್ಟಿತು. "ಸದ್ದಿಗೆ ಗಾಳಿಯೇ ಆಗ್ಬೇಕು ಅಂತ ಇಲ್ಲ. ನೋಡಿ ಶುಕೂರಾಕ, ನಿಮ್ಮ ಕಿವಿಯ ಒಳಭಾಗ ಸರಿ ಉಂಟು ಅಂತ ಇದರ ಅರ್ಥ, ಹಾಗಾಗಿ ಡಾಕ್ಟರ ಹತ್ತಿರ ಖಂಡಿತ..."

"ಕಾಕ, ಟೀಚರ್ ನಿಮಗೆ ಹೇಳುವುದು!" ಎಂದು ಮೊಯ್ದೀನ್ ಕೂಗಿದ. "ಸೋಮವಾರ ಎಷ್ಟು ಗಂಟೆಗೆ ಅಂತ..."

ಶುಕೂರಾಕ ಇಕ್ಕಳವನ್ನು ಹೆಕ್ಕಿಕೊಂಡು, ಕಂಬಿಯನ್ನು ಹಲ್ಲಿನಲ್ಲಿ ಮತ್ತೆ ಸರಿಯಾಗಿ ಕಚ್ಚಿ, ಅವರಿಬ್ಬರ ಮಾತನ್ನು ಅಂಗಳದ ನಡುವೆಯೇ ಬಿಟ್ಟು, ಕೆಂಪೇರುತ್ತಿದ್ದ ಒಲೆಯ ಕಡೆಗೆ ನಡೆದೇ ಬಿಟ್ಟರು.